ಲ್ಯಾಬು ದಾಟುವವರೆಗೆ

ಭಾವನ ತಲೆ ಮತ್ತೆ ಎಡಕ್ಕೆ ವಾಲಿತು. ಸಿದ್ಧಲಿಂಗೇಶ್ ಹಣೆಗೆ ಸುತ್ತಿದ್ದ ಬಿಳಿ ಬಟ್ಟೆಯನ್ನು ಎಳೆದು ಕುರ್ಚಿಯ ಬೆನ್ನಿಗೆ ಬಿಗಿದ. ಹೆಣವನ್ನು ಕೂರಿಸಿ ಹೊರುವುದನ್ನು ವೇಲಚೇರಿಯ ತಮಿಳು ತಮಟೆಗಾರ ಏಳುಮಲೈ ಎಂದೂ ಕಂಡಿರಲಿಲ್ಲ. ತಮಟೆ ಕಾಯಿಸುವುದನ್ನೇ ಮರೆತು ನಿಂತಿದ್ದ.

"ಜೋರಾಗಿ ಬಾರಿಸ್ಬೇಕು," ಎಂದ ಸಿದ್ಧಲಿಂಗೇಶ್. "ಜೀವಮಾನವೆಲ್ಲ ಊರೋರ ಬಾಯಿ ಮುಚ್ಚಿಸಿದ್ರು. ಇವತ್ತಾದ್ರೂ ಸದ್ದು ಕೇಳ್ಲಿ."

ಭಾವ ದೊಡ್ಡಬಸಪ್ಪ ಇಲ್ಲಿಯ ಯೂನಿವರ್ಸಿಟಿಯಲ್ಲಿ ಅಣುಗಳನ್ನು ತೋರಿಸುವ ಸೂಕ್ಷ್ಮದರ್ಶಕ ನೋಡಿಕೊಳ್ಳುತ್ತಿದ್ದರು. ಹೊರಗೆ ಯಾರಾದರೂ ಧಪಧಪ ನಡೆದರೂ ಅದರ ಚಿತ್ರ ಕೆಡುತ್ತಿತ್ತು.

ಅದೇ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದ ವೀಕ್ಷಾ, ದೊಡ್ಡಬಸಪ್ಪನವರ ಹೆಂಡತಿ ಸರ್ವಮಂಗಳಾರ ಪಕ್ಕ ಕೂತು ಅತ್ತಳು. ಆಮೇಲೆ ಬಸವಣ್ಣನ ಪಟದ ಪಕ್ಕ ತೂಗುಹಾಕಿದ್ದ ಬೂದು ಚಿತ್ರವನ್ನೇ ನೋಡುತ್ತ ಕೂತಳು.

"ಮಷೀನ್ ಓಡ್ತಿದ್ಯಾ?" ಸರ್ವಮಂಗಳಾ ಕೇಳಿದರು.

"ಸಾರಿ ಆಂಟಿ."

ಪರೀಕ್ಷೆಗೆಂದು ಬೆಂಗಳೂರಿನವರು ಮಾಡಿ ಕಳಿಸಿದ ತೆಳು ಪದರ, ಇಲ್ಲಿಯ ಮಷೀನು. ಎರಡು ಯೂನಿವರ್ಸಿಟಿಗಳ ಜಂಟಿ ಕೆಲಸ. ಇವತ್ತು ಚಿತ್ರ ಕೆಟ್ಟರೆ ವೀಕ್ಷಾಳ ಪಿಎಚ್‌ಡಿ ಮತ್ತೆ ಮೊದಲಿಂದ. ನಿನ್ನೆ ಆ ಪದರವನ್ನು ಮಷೀನಿನೊಳಗೆ ಕೂರಿಸಿ ಮನೆಗೆ ಬಂದ ದೊಡ್ಡಬಸಪ್ಪ ಎದೆ ಹಿಡಿದುಕೊಂಡು ಕುಸಿದಿದ್ದರು. ಕ್ವಾರ್ಟರ್ಸಿನಿಂದ ಹೊರಹೋಗುವ ದಾರಿ ಲ್ಯಾಬಿನ ಮುಂದೆಯೇ.

*

ಮದುವೆಯಾದ ಹೊಸತರಲ್ಲಿ ಸರ್ವಮಂಗಳಾ ಬುತ್ತಿ ಹಿಡಿದು ಲ್ಯಾಬಿಗೆ ಹೋಗಿದ್ದರು.

"ಅಲ್ಲೇ ನಿಲ್ಲು."

ಒಂದು ಹೆಜ್ಜೆ ಆಗಲೇ ಬಿದ್ದಿತ್ತು. ಇನ್ನೊಂದು ಕಾಲನ್ನು ಊರುವ ಧೈರ್ಯವಾಗದೆ ಕೊಕ್ಕರೆಯಂತೆ ನಿಂತರು. ಹುಳಿ ತಣ್ಣಗಾಯಿತು.

ಸಂಜೆ ಗಂಡ ಆ ಬೂದು ಚಿತ್ರವನ್ನು ಮನೆಗೆ ತಂದರು. ಮೊರದಲ್ಲಿ ಹರಡಿದ ರಾಗಿಯಂಥ ಅಣುಗಳು. ನಡುವೆ ಒಂದು ಗೆರೆಯಲ್ಲಿ ಗರಗಸದ ಹಲ್ಲು.

"ಇದು ನೀನು," ಎಂದರು. "ಬೆಂಗಳೂರಿನ ಪ್ರೊಫೆಸರ್ ಏನ್ರೀ ಇದು ಅಂದ್ರು. ಲಿಫ್ಟ್ ಹೋಯ್ತು ಸಾರ್ ಅಂದೆ."

ಆ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ.

*

"ಮೇಳಂ ವೇಣಾಮಾ?" ವಾದ್ಯವೇ ಬೇಡವಾ ಎಂದು ಏಳುಮಲೈ ಮುಖ ಸಣ್ಣದು ಮಾಡಿದ.

"ವೇಣುಂ. ಲ್ಯಾಬ್ ತಾಂಡಿ ಅಡಿ," ಎಂದರು ಸರ್ವಮಂಗಳಾ. ಬೇಕು, ಆದರೆ ಲ್ಯಾಬು ದಾಟುವವರೆಗೆ ಬಡಿತ ಬೇಡ.

"ಅಕ್ಕ, ಕಳ್ಳರ ಥರ ಹೋಗೋದಾ?" ಎಂದ ಸಿದ್ಧಲಿಂಗೇಶ್.

"ಹೂಂ. ಚಪ್ಪಲೀನೂ ಬಿಡು."

ಏಳುಮಲೈಯ ತಂಡ ಕಡ್ಡಿಗಳನ್ನು ಕಂಕುಳಲ್ಲಿ ಇರುಕಿಕೊಂಡು ತುದಿಗಾಲಲ್ಲಿ ನಡೆಯಿತು. ವಿಭೂತಿ ಪುಡಿ ಹಾರಿ ಸಿದ್ಧಲಿಂಗೇಶ್‌ಗೆ ಸೀನು ಬಂತು. ಅಕ್ಕ ಅವನ ಮೂಗು ಹಿಡಿದರು. ಎಲ್ಲರ ತಲೆಯ ಮೇಲೆ ದೊಡ್ಡಬಸಪ್ಪ ನೆಟ್ಟಗೆ ಕೂತು, ತಪ್ಪು ಹೆಜ್ಜೆಗಾಗಿ ಕಿವಿಗೊಟ್ಟವರಂತೆ ಸಾಗಿದರು.

ಅಷ್ಟರಲ್ಲಿ ಲ್ಯಾಬಿಗೆ ಮರಳಿದ್ದ ವೀಕ್ಷಾ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದಳು. ಒಂದರ ಕೆಳಗೊಂದು ಗೆರೆ ಅಲುಗದೆ ಇಳಿಯಿತು.

ಕುರ್ಚಿ ತಿರುವಿನಲ್ಲಿ ಮರೆಯಾಯಿತು. ಬಾಗಿಲ ಮುಂದೆ ಹಿಂದುಳಿದಿದ್ದ ಸರ್ವಮಂಗಳಾ ಒಮ್ಮೆಗೇ ಎಲ್ಲ ಮರೆತು ಅದರ ಹಿಂದೆ ಓಡಿದರು.

ಪರದೆಯ ಮೇಲೆ, ನೆಟ್ಟಗಿದ್ದ ಸಾಲುಗಳೆಲ್ಲದರ ಕೆಳಗೆ, ಕೊಟ್ಟಕೊನೆಯ ಗೆರೆಯಲ್ಲಿ, ಬೆಳಿಗ್ಗೆ ಗೋಡೆಯ ಚಿತ್ರದಲ್ಲಿ ಕಂಡಂಥದೇ ಒಂದು ಹಲ್ಲು ಮೂಡಿತು.