ಇಪ್ಪತ್ತು ಸಲ ಹೊರಗೆ ಬಂದ ರೈಟ್ ವಿಂಗರ್

೧

ಐಸ್‌ನಿಂದಲೇ ಶುರು ಮಾಡಬೇಕು, ಬೇರೆ ದಾರಿಯೇ ಇಲ್ಲ. ಯಾಕೆಂದರೆ ಈ ಕಥೆಯ ನಾಯಕ ಐಸ್ ಹಾಕಿ ಆಡುವವನು. ನಾನೋ ಬನಶಂಕರಿಯಲ್ಲಿ ಹುಟ್ಟಿ ಬನಶಂಕರಿಯಲ್ಲೇ ಬೆಳೆದವಳು. ನಾನು ಕಣ್ಣಾರೆ ಕಂಡ ಐಸ್ ಅಂದರೆ ಕಬ್ಬಿನ ಹಾಲಿನ ಗಾಡಿಯಲ್ಲಿ ಗೋಣಿತಾಟು ಹೊದಿಸಿಟ್ಟ ಗಡ್ಡೆ. ಅದರ ಮೇಲೆ ಹನ್ನೆರಡು ಜನ ಗಂಡಸರು ಕೋಲು ಹಿಡಿದು ಓಡಾಡುವುದನ್ನು ಹೇಗೆ ಬರೆಯಲಿ, ನೀವೇ ಹೇಳಿ.

‘ಆಲ್ಪ್ಸ್ ಪರ್ವತದ ತಪ್ಪಲಿನಲ್ಲಿ ಹಿಮ ಮೌನವಾಗಿ ಸುರಿಯುತ್ತಿತ್ತು’ ಎಂದು ಬರೆದೆ. ಓದಿದರೆ ನನಗೇ ನಗು. ಕ್ಯಾಲೆಂಡರಿನ ಚಿತ್ರ ನೋಡಿಕೊಂಡು ಬರೆದದ್ದು ಎಂದು ಎಂಥವರಿಗೂ ಗೊತ್ತಾಗುತ್ತದೆ. ಹೊಡೆದುಹಾಕಿದೆ.

‘೧೯೬೧ರ ಫೆಬ್ರವರಿ. ಜಯನಗರ ಮೂರನೇ ಬ್ಲಾಕ್. ಡ್ರಿಲ್ ಮೇಷ್ಟ್ರು ಅನಂತರಾಮು ಮೂರು ದಿನದಿಂದ ಯಾರ ಜೊತೆಗೂ ಸರಿಯಾಗಿ ಮಾತಾಡಿಲ್ಲ.’

ಇದು ಪರವಾಗಿಲ್ಲ. ಇದನ್ನು ಇಟ್ಟುಕೊಳ್ಳೋಣ. (ಬಿಟಿಎಂ ಲೇಔಟ್ ಇನ್ನೂ ಹುಟ್ಟಿಲ್ಲ. ಅಲ್ಲಿ ಬಾಡಿಗೆಗಿರುವ ಓದುಗರು ಬೇಜಾರು ಮಾಡಿಕೊಳ್ಳಬಾರದು. ನಿಮ್ಮ ಮಂಚ ಇರುವ ಜಾಗದಲ್ಲಿ ಆಗ ರಾಗಿ ಬೆಳೆಯುತ್ತಿತ್ತು ಅಂದುಕೊಳ್ಳಿ.)

೨

ಮನೆಯಲ್ಲಿ ಇಬ್ಬರೇ. ಅನಂತರಾಮು, ರಿಟೈರಾದ ಡ್ರಿಲ್ ಮೇಷ್ಟ್ರು. ಭಾನುವಾರ ಭಾನುವಾರ ಮೈದಾನದಲ್ಲಿ ಹಾಕಿ ಪಂದ್ಯಗಳಿಗೆ ಅಂಪೈರ್. ಅವರ ಹೆಂಡತಿ ಸತ್ಯಭಾಮಾ. ಇಡೀ ವಾರ ಆ ಅಂಪೈರ್‌ಗೆ ಅಂಪೈರ್. ಒಬ್ಬನೇ ಮಗ ಗೌರೀಶಂಕರ ಐದು ವರ್ಷದ ಹಿಂದೆ ಯಂತ್ರದ ಕೆಲಸ ಕಲಿಯಲು ಸ್ವಿಟ್ಜರ್‌ಲೆಂಡಿನ ಒಂದು ಕಾರ್ಖಾನೆಗೆ ಹೋದ. ಹೋದವನು ಅಲ್ಲಿ ಐಸ್ ಹಾಕಿಗೆ ಬಿದ್ದ.

ಇಲ್ಲಿ ನಿಮ್ಮ ಹುಬ್ಬು ಮೇಲೇರಿದ್ದು ನನಗೆ ಕಾಣಿಸಿತು. ಅಲ್ಲಿಯ ಮಕ್ಕಳು ನಡೆಯಲು ಕಲಿಯುವಾಗಲೇ ಸ್ಕೇಟ್ಸ್ ಕಟ್ಟುತ್ತಾರೆ. ಇಪ್ಪತ್ತು ವರ್ಷದ ಜಯನಗರದ ಹುಡುಗ ಹೋಗಿ ಕಾಂಟ್ರ್ಯಾಕ್ಟ್ ಗಿಟ್ಟಿಸುವುದು ಅಂದರೆ? ಮೊದಲ ಡ್ರಾಫ್ಟಿನಲ್ಲಿ ಅವನನ್ನು ಬಚ್ಚಲು ಮನೆಯ ಸೀಗೇಪುಡಿ ನೀರಿನ ಮೇಲೆ ಜಾರಿಸಿ ಪ್ರಾಕ್ಟೀಸ್ ಮಾಡಿಸಿದ್ದೆ. ಗೌರೀಶಂಕರನೇ ಬಂದು ಜಗಳ ತೆಗೆದ.

“ಏನ್ ಮೇಡಂ ಇದು, ನನ್ನ ಮಾನ ಕಳೀತೀರಾ? ಬಚ್ಚಲುಮನೇಲಿ ಯಾರಾದ್ರೂ ಹಾಕಿ ಕಲೀತಾರಾ?”

“ಮತ್ತೆ ಹೇಗೆ ಕಲಿತೆ? ಓದುಗರು ಕೇಳ್ತಾರಪ್ಪ.”

“ಬಿದ್ದು ಬಿದ್ದು ಕಲಿತೆ. ಎರಡು ಚಳಿಗಾಲ ಬರೀ ಬಿದ್ದಿದ್ದೇ. ನಮ್ಮಪ್ಪ ಮಣ್ಣಿನ ನೆಲದ ಮೇಲೆ ಕೋಲು ಹಿಡಿಯೋದು ಕಲಿಸಿದ್ರು, ಆ ಕೈಚಳಕ ಇತ್ತು. ಕಾಲು ಮಾತ್ರ ಅಲ್ಲಿ ಸಂಪಾದಿಸ್ದೆ. ಹಿಂಗೆ ಬರೀರಿ.”

ಹಾಗೇ ಬರೆದಿದ್ದೇನೆ. ಮೊದಲು ಕಾರ್ಖಾನೆಯ ತಂಡ, ಆಮೇಲೆ ಆ ಊರಿನ ಎರಡನೇ ದರ್ಜೆಯ ಕ್ಲಬ್, ಆಮೇಲೆ ಕಾರ್ಖಾನೆಗೆ ರಜೆ ಹಾಕಿ ಒಂದು ಸೀಸನ್ ಆಸ್ಟ್ರಿಯಾದಲ್ಲಿ. ಎಲ್ಲ ಕಡೆಯೂ ಬಲಗಡೆಯ ವಿಂಗರ್. ನಮ್ಮ ಹಾಕಿಯಲ್ಲಿ ರೈಟ್ ಔಟ್ ಅಂತಾರಲ್ಲ, ಆ ಜಾಗ. ನಂಬಿದರೆ ನಂಬಿ. ನಂಬದಿದ್ದರೂ ಮುಂದೆ ಓದಿ, ಯಾಕೆಂದರೆ ಕಷ್ಟ ಇರುವುದು ಅಲ್ಲಲ್ಲ.

೩

ಕಷ್ಟ ಇರುವುದು ಮೂರು ದಿನದ ಹಿಂದೆ ಬಂದ ಕಾಗದದಲ್ಲಿ. ಸತ್ಯಭಾಮಾ ಗಟ್ಟಿಯಾಗಿ ಓದಿದರು:

“ತೀರ್ಥರೂಪರವರ ಚರಣಗಳಲ್ಲಿ ಗೌರೀಶಂಕರನ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ. ಈಗ ಇಟಲಿಯ ಒಂದು ಕ್ಲಬ್ಬಿನವರು ಎರಡು ವರ್ಷಕ್ಕೆ ಕರೆಯುತ್ತಿದ್ದಾರೆ. ಅಲ್ಲಿಗೆ ಹೋದರೆ ಕಾರ್ಖಾನೆ ಕೆಲಸ ಬಿಡಬೇಕು. ಆಟವೇ ನನ್ನ ಉದ್ಯೋಗ. ಈ ತಿಂಗಳ ಕೊನೆಯೊಳಗೆ ಸಹಿ ಮಾಡಬೇಕು. ತಾವು ಹೂಂ ಎಂದರೆ ಮಾತ್ರ ಮಾಡುತ್ತೇನೆ. ಇಲ್ಲವಾದರೆ ಆಟ ಬಿಟ್ಟು ಕಾರ್ಖಾನೆಯಲ್ಲೇ ಉಳಿಯುತ್ತೇನೆ. ಫೋಟೋ ಇಟ್ಟಿದ್ದೇನೆ. ಆ ಪಂದ್ಯದಲ್ಲಿ ಇಪ್ಪತ್ತು ಸಲ ಹೊರಗೆ ಬಂದೆ, ಎರಡು ಗೋಲು ಹೊಡೆದೆ.”

ಫೋಟೋದಲ್ಲಿ ಮಗ ಬೆಂಚಿನ ಮೇಲೆ ಕೂತಿದ್ದ. ಹೆಗಲ ಮೇಲೆ ಟವೆಲು, ಮುಖದ ತುಂಬ ನಗು.

ಸತ್ಯಭಾಮಾ ಕಣ್ಣೊರೆಸಿಕೊಂಡು, “ಎಷ್ಟು ಸೊರಗಿದಾನೆ ನೋಡ್ರೀ,” ಅಂದರು. ಅನಂತರಾಮು ಫೋಟೋ ಕೆಳಗಿಟ್ಟರು. “ಒಪ್ಪಿಗೆ ಇಲ್ಲ,” ಎಂದು ಎದ್ದುಹೋದರು. ಅಷ್ಟೇ. ಯಾಕೆ, ಏನು, ಒಂದೂ ಹೇಳಲಿಲ್ಲ.

(ಕಾಗದ ಅಲ್ಲಿಗೆ ಮುಟ್ಟಲು ಹತ್ತು ದಿನ. ಇವತ್ತು ತಾರೀಖು ಹದಿನಾಲ್ಕು. ಇನ್ನು ನಾಲ್ಕು ದಿನದಲ್ಲಿ ಇವರು ಬರೆಯದಿದ್ದರೆ ಹುಡುಗನ ಆಟ ಮುಗಿಯಿತು. ನಾನು ಲೇಖಕಿಯಾದರೂ ಅಂಚೆ ಇಲಾಖೆಯನ್ನು ಅವಸರ ಮಾಡಲಾರೆ.)

೪

ನಾನೇ ಹೋಗಿ ಕೇಳಿದೆ. ಪಾತ್ರಗಳ ಹತ್ತಿರ ಹೀಗೆ ನೇರವಾಗಿ ಹೋಗುವುದು ಮರ್ಯಾದೆಯಲ್ಲ ಅಂತ ಗೊತ್ತು. ಆದರೆ ಹೆಂಡತಿಗೇ ಬಾಯಿ ಬಿಡದ ಮನುಷ್ಯನನ್ನು ಇನ್ನು ಹೇಗೆ ಮಾತಾಡಿಸುವುದು?

“ಮೇಷ್ಟ್ರೇ, ಆಟಾನ ಕೆಲಸ ಮಾಡ್ಕೊಂಡ್ರೆ ಜನ ಏನಂತಾರೋ ಅಂತಾನಾ?”

“ಛೆ, ನಾನು ಹೊಟ್ಟೆಪಾಡಿಗೆ ಆಟ ಆಡಿಸ್ದವನಮ್ಮ. ಅದಲ್ಲ.”

“ಮತ್ತೆ?”

“ನಿನಗೆ ಹಾಕಿ ರೂಲ್ಸ್ ಗೊತ್ತಾ?”

“ಇಲ್ಲ.”

“ಗೊತ್ತಿಲ್ದೆ ಬರೆಯೋಕೆ ಕೂತಿದೀಯಲ್ಲ, ಭೇಷ್.” ಬೆರಳು ಮಡಚಿದರು. “ಹನ್ನೊಂದು ಜನ ಒಳಗೆ ಹೋಗ್ತಾರೆ. ಕೊನೆ ವಿಸಲ್‌ವರೆಗೂ ಅದೇ ಹನ್ನೊಂದು. ಬದಲಿ ಅನ್ನೋದೇ ಇಲ್ಲ. ಮಧ್ಯದಲ್ಲಿ ಆಟಗಾರ ಹೊರಗೆ ಬರೋದು ಎರಡೇ ಕಾರಣಕ್ಕೆ. ಒಂದು, ಕಾಲು ಮುರಿದಿರಬೇಕು. ಇನ್ನೊಂದು, ಒರಟುತನ ಮಾಡಿದ ಅಂತ ಅಂಪೈರ್ ಕಳಿಸಿರಬೇಕು. ಕಾಲು ಮುರಿದವನು ಎರಡು ಗೋಲ್ ಹೊಡೀತಾನಾ?”

ಮೇಷ್ಟ್ರು ಕಾಗದ ಎತ್ತಿ ಆ ಸಾಲಿನ ಮೇಲೆ ಬೆರಳಿಟ್ಟರು.

“ಇಪ್ಪತ್ತು ಸಲ! ಒಂದೇ ಮ್ಯಾಚಲ್ಲಿ! ಅದನ್ನ ನಗ್ತಾ ಅಪ್ಪನಿಗೆ ಬರೀತಾನೆ! ಇಪ್ಪತ್ತೈದು ವರ್ಷದಲ್ಲಿ ನಾನು ಹೊರಗೆ ಕಳಿಸಿದ್ದು ಮೂರೇ ಜನಾನ. ಅದ್ರಲ್ಲಿ ಇವನೂ ಒಬ್ಬ. ಹೆಗಲಿನ ಮೇಲಕ್ಕೆ ಕೋಲು ಎತ್ತಿದ್ದ, ಎದುರಿನವನ ಹಲ್ಲು ಹೋಗ್ತಿತ್ತು. ಎಲ್ರೆದುರಿಗೆ ಕಳಿಸ್ದೆ. ವಾರ ಪೂರ್ತಿ ನನ್ನ ಹತ್ರ ಮಾತಾಡ್ಲಿಲ್ಲ ಅವನು. ಹೋಗ್ಲಿ, ತಿದ್ದಿಕೊಂಡನಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಎಲ್ಲಿ ತಿದ್ದಿಕೊಂಡ? ದೇಶ ಬಿಟ್ಟು ಹೋಗಿ ಪುಂಡ ಆಗಿದಾನೆ.”

ನನಗೆ ಅಯ್ಯೋ ಅನ್ನಿಸಿತು.

“ಅವನಿಗೇ ಬರೆದು ಕೇಳಬಹುದಲ್ವಾ ಮೇಷ್ಟ್ರೇ?”

“ನೀನು ರೌಡಿ ಆಗಿದೀಯೇನೋ ಅಂತ ಮಗನಿಗೆ ಕಾಗದ ಬರೀಲಾ? ಹೌದು ಅಂತ ಬಂದ್ರೆ ಭಾಮಾ ಮುಂದೆ ಯಾರು ಓದೋದು? ನೀನು ಬಂದು ಓದ್ತೀಯಾ?”

೫

ಈಗ ನಿಮಗೂ ನನಗೂ ಗೊತ್ತು. ಐಸ್ ಹಾಕಿಯಲ್ಲಿ ಆಟಗಾರರು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಅಷ್ಟು ಜೋರು ಆಟ ಅದು. ಮೂರು ಗುಂಪು ಸರದಿಯ ಮೇಲೆ ಒಳಗೆ ಹೋಗುತ್ತವೆ, ಹೊರಗೆ ಬರುತ್ತವೆ. ನಾನು ಅದನ್ನು ಪುಸ್ತಕ ನೋಡಿ ತಿಳಿದುಕೊಂಡೆ. ಮಗನಿಗೆ ಅದು ಎಷ್ಟು ಅಭ್ಯಾಸವಾಗಿಹೋಗಿದೆ ಅಂದರೆ ವಿವರಿಸಿ ಬರೆಯಬೇಕು ಅಂತಲೂ ಹೊಳೆಯಲಿಲ್ಲ.

ನಾನೇ ಹೇಳಿಬಿಟ್ಟರೆ ಆಯಿತಲ್ಲ? ಹೇಳಿದೆ. “ನೀನು ಕಥೆ ಕಟ್ಟೋಳು,” ಎಂದು ಮೇಷ್ಟ್ರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನ್ನ ಕಸುಬಿಗೆ ಸಿಗುವ ಮರ್ಯಾದೆ ಇಷ್ಟು.

ಬೇರೆ ಮುಕ್ತಾಯಗಳನ್ನು ಹುಡುಕಿದೆ.

ಮುಕ್ತಾಯ ಅ: ಮೇಷ್ಟ್ರು ವಿಮಾನ ಹತ್ತಿ ಹೋಗಿ ಪಂದ್ಯ ನೋಡಿ ಮಗನನ್ನು ತಬ್ಬಿಕೊಳ್ಳುತ್ತಾರೆ. (ಮೈಸೂರಿಗೆ ಹೋಗಲೂ ಪಂಚಾಂಗ ನೋಡುವ ಮನುಷ್ಯ. ಬೇಡ.)

ಮುಕ್ತಾಯ ಆ: ಸತ್ಯಭಾಮಾ ಗಂಡನ ಅಕ್ಷರದಲ್ಲೇ ತಾವೇ ಒಪ್ಪಿಗೆ ಬರೆದು ಕಳಿಸುತ್ತಾರೆ. ಇದು ನನಗೆ ಸಖತ್ ಇಷ್ಟವಾಗಿತ್ತು. ಆಕೆ ಒಪ್ಪಲಿಲ್ಲ. “ಇವ್ರು ಹೂಂ ಅನ್ನದೆ ಹೂಂ ಅಂದ್ರು ಅಂತ ನನ್ನ ಮಗನಿಗೆ ಸುಳ್ಳು ಹೇಳ್ಲಾ? ಬೇರೆ ಏನಾದ್ರೂ ಯೋಚ್ನೆ ಮಾಡಿ, ಕೂತು ತಿಂಡಿ ತಿಂದಿದ್ದಷ್ಟೇ ಆಯ್ತು ನೀವು,” ಎಂದು ನನ್ನ ಮುಂದಿನ ತಟ್ಟೆ ಎತ್ತಿಕೊಂಡು ಹೋದರು.

ಮುಕ್ತಾಯ ಇ: ಮಗ ಪದಕಗಳನ್ನು ತುಂಬಿಕೊಂಡು ಬಂದಿಳಿಯುತ್ತಾನೆ. “ನಮ್ಮ ಟೀಮ್ ಐದನೇ ಸ್ಥಾನ ಮೇಡಂ,” ಎಂದ ಗೌರೀಶಂಕರ. ಹೊಡೆದುಹಾಕಿದೆ.

೬

ಮುಂದಿನದು ನನ್ನ ಯೋಜನೆಯಲ್ಲಿ ಇರಲಿಲ್ಲ. ಮುನಿವೆಂಕಟಮ್ಮನನ್ನು ನಾನು ಕಥೆಗೆ ಕರೆದದ್ದು ಸ್ವಲ್ಪ ಸ್ಥಳೀಯ ಬಣ್ಣ ಬರಲಿ ಎಂದು. ಪುಟ್ಟೇನಹಳ್ಳಿಯ ರೈತರ ಹೆಂಗಸು. ವಾರಕ್ಕೆರಡು ಸಲ ಬುಟ್ಟಿ ಹೊತ್ತು ಬಂದು ಸೊಪ್ಪು ಮಾರುತ್ತಾಳೆ. ಒಂದು ಸಾಲಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ಹೋಗಬೇಕಾದವಳು. ಜಗಲಿ ಮೇಲೆ ಬುಟ್ಟಿ ಇಳಿಸಿ ಕೂತೇಬಿಟ್ಟಳು.

“ಯಾಕ್ ಮೇಷ್ಟ್ರೇ, ಮಕ ಊದಿಸ್ಕಂಡಿದೀರ? ಮಗ ಕಾಗ್ದ ಹಾಕಿಲ್ವಾ?”

ಹೆಂಡತಿಗೆ ಹೇಳದ್ದನ್ನು, ನನ್ನನ್ನು ಬೈದು ಹೇಳಿದ್ದನ್ನು, ಮೇಷ್ಟ್ರು ಅವಳಿಗೆ ಮೆಲ್ಲಗೆ ಹೇಳಿದರು. ಕೆಲವು ಸಲ ಹೊರಗಿನವರ ಹತ್ತಿರವೇ ಬಾಯಿ ಬರುತ್ತದೆ. ಬಾಗಿಲ ಹಿಂದೆ ಸತ್ಯಭಾಮಾ ನಿಂತಿದ್ದರು.

“ನಿಮಿಷಕ್ಕೊಂದ್ಸಲ ಹೊರಗೆ ಕೂರಿಸ್ತಾರಂತೆ ಕಣಮ್ಮ. ಇಪ್ಪತ್ತು ಸಲ.”

ಮುನಿವೆಂಕಟಮ್ಮ ಎಲೆಯಡಿಕೆ ಮೆಲ್ಲುತ್ತ ಯೋಚಿಸಿದಳು. “ಕೂತ್ಕಂಡ್ಮೇಲೆ ತಿರ್ಗ ಒಳಕ್ಕೆ ಬುಡ್ತಾರಾ?”

“ಬಿಡ್ತಾರಂತೆ, ಆ ಕಥೆ ಕಟ್ಟೋಳು ಹಾಗಂದ್ಲು.”

“ಅಂಗಾದ್ರೆ ಏತ ಇದ್ದಂಗೆ ಅನ್ನಿ.”

“ಏತ?”

“ನಮ್ಮ ತೋಟದಾಗೆ ಬಾವಿಯಿಂದ ನೀರೆತ್ತೋ ಏತ ಸ್ವಾಮಿ. ನಮ್ಮನೇರು, ನಮ್ ಮೈದುನ, ನನ್ ತಮ್ಮ, ಮೂರ್ ಜನ. ಒಬ್ಬ ಏತದ ಉದ್ದ ಮರ ಏರಿ ಆ ಕಡೆಗೂ ಈ ಕಡೆಗೂ ತುಳೀತಾನೆ. ಸುಸ್ತಾಗೋ ಮುಂಚೇನೇ ಇಳೀಬೇಕು, ಇನ್ನೊಬ್ಬ ಏರ್ಬೇಕು. ಇಲ್ಲ ನಾನೇ ತುಳೀತೀನಿ ಅಂತ ಅಲ್ಲೇ ಇದ್ರೆ ಕಾಲು ನಡುಗಿ ಬಿದ್ದು ಸೊಂಟ ಮುರ್ಕಂತಾನೆ. ಇಳಿದೋನು ಬದಿನಾಗೆ ಕುಂತು ಉಸಿರು ತಗಂಡು ತಿರ್ಗ ಏರ್ತಾನೆ. ದಿನಕ್ಕೆ ಅದೆಷ್ಟ್ ಸಲಾನೋ, ಯಾರ್ ಲೆಕ್ಕ ಮಡಗ್ತಾರೆ? ನಮ್ಮನೇರು ಇಳಿದ್ರೆ ಅವರನ್ನ ಓಡಿಸ್ಬುಟ್ರು ಅಂದ್ಕಂತೀನಾ ನಾನು?”

ಮೇಷ್ಟ್ರು ಎದ್ದರು. ಒಳಗೆ ಹೋಗಿ ಫೋಟೋ ತಂದು ಬೆಳಕಿಗೆ ಹಿಡಿದರು. ಬೆಂಚಿನ ಮೇಲೆ ಮಗನ ಜೊತೆ ಇನ್ನೂ ಐದು ಜನ ಕೂತಿದ್ದರು. ಎಲ್ಲರ ಮುಖದಲ್ಲೂ ಬೆವರು. ಇಡೀ ಗುಂಪನ್ನೇ ಯಾವ ಅಂಪೈರೂ ಒರಟುತನಕ್ಕೆ ಹೊರಗೆ ಕೂರಿಸುವುದಿಲ್ಲ. ಅದು ಅವರಿಗೆ ಈಗ ಕಂಡಿತು.

“ಭಾಮಾ,” ಎಂದು ಕರೆದರು. “ಇಪ್ಪತ್ತು ಸಲ ಹೊರಗೆ ಬಂದಿದಾನೆ ಅಂದ್ರೆ, ಇಪ್ಪತ್ತು ಸಲ ಅವನನ್ನ ಒಳಗೆ ಕರೆದಿದಾರೆ ಅಂತ ಆಯ್ತಲ್ಲೇ.”

“ಆಯ್ತು. ಈಗ ಕಾಗದ ಬರೀರಿ,” ಎಂದರು ಸತ್ಯಭಾಮಾ. ಅಳುತ್ತಿದ್ದರು, ಬೈಯುತ್ತಲೂ ಇದ್ದರು. “ಮೂರು ದಿನ ಹೊಟ್ಟೆಯಲ್ಲಿಟ್ಕೊಂಡು ಕೂತಿದ್ರಲ್ಲ, ನಿಮಗೇನು ಹೇಳೋದು!”

(ಸೊಪ್ಪಿನವಳು ಬಂದು ನನ್ನ ಕಥೆ ಬಿಡಿಸಿ ಹೋದಳು ಎಂದು ನನಗೆ ಕೊಂಚ ಹೊಟ್ಟೆಯುರಿ. ಪುಸ್ತಕ ಓದಿಕೊಂಡು ಬಂದು ಹೇಳಿದ ನನ್ನ ಮಾತು ನಾಟಲಿಲ್ಲ. ಅವಳು ಗಂಡನ ಕಾಲಿನ ನಡುಕ ನೋಡಿ ಹೇಳಿದಳು, ನಾಟಿತು. ಇರಲಿ, ಹೆಸರಂತೂ ನನ್ನದೇ ಬರುತ್ತದೆ.)

೭

ಮೇಷ್ಟ್ರು ಪರದೇಶಕ್ಕೆ ಹೋಗುವ ನೀಲಿ ಏರೋಗ್ರಾಮ್ ಕಾಗದದ ತುಂಬ ಬರೆದರು. ನಾನು ಹಿಂದಿನಿಂದ ಇಣುಕಿದೆ. ಕೈ ಅಡ್ಡ ಇಟ್ಟುಕೊಂಡರು.

“ಇದು ಅವನಿಗೆ. ನಿನ್ನ ಓದುಗರಿಗಲ್ಲ.”

“ಸಹಿ ಮಾಡು ಅಂತ ಬರೆದ್ರಾ, ಅಷ್ಟಾದ್ರೂ ಹೇಳಿ.”

“ಮಾಡು ಅಂತ ಬರೆದೆ. ಮಿಕ್ಕಿದ್ದು ನಮ್ಮಿಬ್ಬರ ವಿಷಯ.” ಅಂಟು ಹಚ್ಚಿ ಮುಚ್ಚಿದರು.

ಕಾಗದ ಹೊತ್ತಿಗೆ ಸರಿಯಾಗಿ ಮುಟ್ಟಿತೇ, ಅವನು ಇಟಲಿಗೆ ಹೋದನೇ ಎಂದು ನೀವು ಕೇಳುತ್ತೀರಿ. ಮುಟ್ಟಿತು ಎಂದು ಒಂದು ಪ್ಯಾರಾ ಬರೆದಿಟ್ಟಿದ್ದೆ, ಒಂದು ದಿನ ತಡವಾಯಿತು ಎಂದು ಇನ್ನೊಂದು. ಎರಡನ್ನೂ ಹರಿದೆ. ಯಾಕೆಂದರೆ ಅಂಚೆ ಡಬ್ಬಿಯ ಹತ್ತಿರ ಕಾಗದ ಹಾಕಿದ ಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿ, ಇಷ್ಟು ಹೊತ್ತು ಕೇಳದಿದ್ದ ಒಂದು ಪ್ರಶ್ನೆ ಕೇಳಿದರು.

“ಅವನು ಚೆನ್ನಾಗಿ ಆಡ್ತಾನೇನಮ್ಮ?”

ಐದು ವರ್ಷದಿಂದ ಮಗನ ಆಟ ನೋಡಿಲ್ಲದ ಮನುಷ್ಯ. ಇನ್ನು ನೋಡುವ ದಾರಿಯೂ ಇಲ್ಲ. ನಾನು ಐಸ್ ಕಂಡವಳಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

“ತುಂಬ ಚೆನ್ನಾಗಿ ಆಡ್ತಾನೆ ಮೇಷ್ಟ್ರೇ.”

“ಅವನು ಗೋಲಿನ ಕಡೆ ನುಗ್ಗೋ ಒಂದು ರನ್ ಹೇಳು, ಕೇಳೋಣ.”

ಹೇಳಿದೆ. “ಬಲಗಡೆ ಅಂಚಿನಲ್ಲೇ ಬರ್ತಿದಾನೆ. ಚೆಂಡಲ್ಲ, ರಬ್ಬರಿನ ಕರೀ ಬಿಲ್ಲೆ, ಕೋಲಿಗೆ ಅಂಟಿಕೊಂಡೇ ಬರ್ತಿದೆ.”

“ಎದುರು ಯಾರು?”

“ಒಬ್ಬ ಬ್ಯಾಕ್. ಇವನ ಎರಡರಷ್ಟಿದಾನೆ.”

“ಎಡಕ್ಕೆ ತಿರುಗೋ ಹಾಗೆ ಮಾಡಿ ಬಲಕ್ಕೆ ಹೋಗ್ಬೇಕು. ಹಾಗೇ ಕಲಿಸಿದೀನಿ.”

“ಹಾಗೇ ಹೋದ ಮೇಷ್ಟ್ರೇ. ಬ್ಯಾಕ್ ಹಿಂದೆಯೇ ಉಳಿದ.”

“ಕೋಲು ಎಲ್ಲಿದೆ?”

“ಹೆಗಲಿಗಿಂತ ಕೆಳಗೇ ಇದೆ.”

“ಹೂಂ. ಮುಂದೆ?”

“ಈಗ ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಕೋಲು ಹಿಂದಕ್ಕೆ ಎಳೆದ, ಹೊಡೆದ…”

“ಸಾಕು,” ಎಂದರು ಮೇಷ್ಟ್ರು. ಕಣ್ಣು ಮುಚ್ಚಿಕೊಂಡಿದ್ದರು. “ಅಲ್ಲಿಗೇ ನಿಲ್ಸಮ್ಮ. ಗೋಲ್ ಆಯ್ತೋ ಇಲ್ವೋ, ಅದನ್ನ ಅವನೇ ಬರೀಲಿ.”