ಎರಡನೆಯ ಪಂಚ

ಪುಣೆಯ ಕೊಂಢವಾ ಬಡಾವಣೆಯ ಆ ಓಣಿಯಲ್ಲಿ ಕನ್ನಡದ ಮಂದಿಗೆ ಮರಾಠಿ ಕಾಗದ ಬಂತೆಂದರೆ ಅದು ನೆಟ್ಟಗೆ ಬಿಂದುಮಾಧವರಾಯರ ಮನೆ ಮೆಟ್ಟಿಲು ಹತ್ತುತ್ತಿತ್ತು. ಧಾರವಾಡದಿಂದ ಬಂದು ಪುಣೆಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾದ ರಾಯರಿಗೆ ಅದೊಂದು ಹೆಮ್ಮೆ. ಮನೆಗೆಲಸದ ಕಲ್ಲವ್ವ ಕಾಗದ ಹಿಡಿದು ಬಂದಾಗಲೂ ಹುರುಪಿನಿಂದಲೇ ಕೈ ಚಾಚಿದರು.

ಮೊದಲ ಸಾಲು ನೋಡುತ್ತಲೇ ಹುರುಪು ಜರ್ರನೆ ಇಳಿಯಿತು. ಅದು ಅವಳ ಗಂಡ ಹುಲಿಗೆಪ್ಪನ ಸಾವಿನ ಪಂಚನಾಮೆ. ಎರಡು ತಿಂಗಳ ಹಿಂದೆ ಪಕ್ಕದ ಹೊಸ ಕಟ್ಟಡದಲ್ಲಿ ಕೂಲಿ ಮಾಡುವಾಗ ಆರನೇ ಮಹಡಿಯಿಂದ ಬಿದ್ದು ಸತ್ತವನು ಅವನು. ಹೆಣ ಬಿದ್ದ ಜಾಗದಲ್ಲಿ ಕಂಡದ್ದನ್ನು ಪೊಲೀಸರು ಬರೆದುಕೊಳ್ಳುವಾಗ ಸಾಕ್ಷಿಗೆ ಇಬ್ಬರು ಪಂಚರು ಬೇಕು. ಕೆಳಗಿದ್ದ ಎರಡು ಸಹಿಗಳಲ್ಲಿ ಎರಡನೆಯದು ರಾಯರದೇ.

"ಏನ್ ಬರದಾರ್ರಿ ರಾಯರ?"

ಓದದೆ ಗತಿಯಿರಲಿಲ್ಲ. "ಸುರಕ್ಷತಾ ಬೆಲ್ಟ್ ಹೆಣದ ಬಾಜೂಕ ಬಿದ್ದಿತ್ತು, ಅವ ಅದನ್ನ ಕಟ್ಟಿಕೊಂಡಿರಲಿಲ್ಲ ಅಂತ ಅದ. ಪಂಚರು ಇದನ್ನ ಕಣ್ಣಾರೆ ನೋಡ್ಯಾರ ಅಂತ ಅದ."

"ಬೆಲ್ಟ ಎಲ್ಲಿದ್ವರಿ? ಅವ ಸತ್ತ ಮರುದಿನ ತಂದ್ರು. ತಪ್ಪು ಅವಂದ ಅಂತ ಮಾಡಿಬಿಟ್ಟಾರ." ಕಲ್ಲವ್ವ ಕಾಗದದ ಕೆಳತುದಿಗೆ ಬೆರಳಿಟ್ಟಳು. "ಈಗ ಪ್ರಾಂತ ಸಾಹೇಬ್ರು, ನಮ್ಮ ಕಡೆ ಎ.ಸಿ. ಅಂತಾರಲ್ರಿ, ಅವ್ರು ಮತ್ತ ವಿಚಾರಣಿ ಇಟ್ಟಾರಂತ. ಈ ಇಬ್ರು ಪಂಚರು ಯಾರ್ರಿ? ಅವ್ರನ್ನ ಹುಡುಕಬೇಕು."

"ಸಹಿ ಗೊತ್ತಾಗವಲ್ದು," ಎಂದರು ರಾಯರು. ಅರವತ್ತೆಂಟನೇ ವಯಸ್ಸಿನಲ್ಲಿ ತನ್ನ ಸಹಿ ತನಗೇ ಗೊತ್ತಾಗಲಿಲ್ಲ!

"ಅವ ಬಿದ್ದಾಗ ನಾ ಬಿಬವೇವಾಡಿಯೊಳಗ ಭಾಂಡೆ ತಿಕ್ಕಾಕತ್ತಿದ್ದೆ. ದವಾಖಾನಿಗಿ ಓಡಿ ಹೋಗೂದ್ರಾಗ ಅವನ ಮಾರಿ ತುಂಬ ಬಟ್ಟಿ ಸುತ್ತಿದ್ರು. ಬಿಚ್ಚಬ್ಯಾಡ ಅಂದ್ರು. ಈ ಇಬ್ರಾದ್ರೂ ನೋಡಿರ್ತಾರಲ್ರಿ. ಹ್ಯಾಂಗಿದ್ದ ಅಂತ ಕೇಳ್ತೀನಿ."

ರಾಯರು ಕಾಗದ ಮಡಚಿ ಕೊಟ್ಟರು. ಅವಳು ಕೈಮುಗಿದು ಹೋದಳು. ಆ ಕೈಮುಗಿದದ್ದು ಅವರಿಗೆ ಕಪಾಳಕ್ಕೆ ಹೊಡೆದಂತಾಯಿತು.

ಹುಲಿಗೆಪ್ಪ ಬಿದ್ದ ದಿನ ರಾಯರ ತಂದೆಯ ಶ್ರಾದ್ಧವಿತ್ತು. ಸ್ನಾನ ಮಾಡಿ ಮಡಿಯುಟ್ಟು, ಆಚಾರ್ಯರು ಇನ್ನೂ ಬರಲಿಲ್ಲವಲ್ಲ ಎಂದು ಗೇಟಿಗೆ ಇಳಿದಿದ್ದರು. ಹವಾಲ್ದಾರ ಬಾಳು ಬಂದು "ಕಾಕಾ, ದೋನ್ ಮಿನಿಟ" ಎಂದು, ಎರಡೇ ನಿಮಿಷ ಪಂಚರಾಗಿ ನಿಲ್ಲಲು ಕರೆದ. ಹೆಣ ನೋಡಿದರೆ ಮಡಿ ಹೋಯಿತಲ್ಲ! ರಾಯರು ಇಪ್ಪತ್ತು ಹೆಜ್ಜೆ ದೂರದಲ್ಲಿ ಗೋಡೆಗೆ ಮುಖ ಮಾಡಿ ನಿಂತು, ನೀವು ಬರೆಯಿರಿ, ನಾನು ಸಹಿ ಮಾಡುತ್ತೇನೆ ಎಂದರು. ಬರೆದದ್ದನ್ನು ಓದಲೂ ಇಲ್ಲ. ಪೊಲೀಸರ ಕಾಗದ ಮುಟ್ಟಿದ್ದಕ್ಕೆ ಮೇಲೆ ಬಂದು ಮತ್ತೆ ಸ್ನಾನ ಮಾಡಿದರು. ಹುಲಿಗೆಪ್ಪನನ್ನು ನೋಡಿ ಬಂದಿದ್ದರೂ ಅದೇ ಒಂದು ಸ್ನಾನವೇ ಆಗುತ್ತಿತ್ತು. ಈ ಲೆಕ್ಕ ಆ ಪುಣ್ಯಾತ್ಮರಿಗೆ ಹೊಳೆದದ್ದು ಈಗ, ಎರಡು ತಿಂಗಳು ಬಿಟ್ಟು.

ಕಲ್ಲವ್ವ ಬಂದುಹೋದ ಆ ಸಂಜೆ ರಾಯರು ಮೊಬೈಲು ಹಿಡಿದು ಕೂತರು. ನೋಡದೆ ಸಹಿ ಮಾಡಿದ ಪಂಚನಿಗೆ ಏನಾಗುತ್ತದೆ ಎಂದು ಮರಾಠಿಯಲ್ಲಿ ಹುಡುಕಿದರು, ಇಂಗ್ಲಿಷಿನಲ್ಲಿ ಹುಡುಕಿದರು. ಅನುಮಾನದ ಸಾವು ವಿಚಾರಿಸಲಿಕ್ಕೆಂದೇ ಇಂಗ್ಲೆಂಡಿನಲ್ಲಿ ಕರೋನರ್ ಎಂಬ ಅಧಿಕಾರಿ ಇರುತ್ತಾನೆ ಎಂಬಲ್ಲಿಯವರೆಗೆ ಓದಿದರು. ಧಾರವಾಡದ ಮುದುಕ ಇಂಗ್ಲೆಂಡಿನ ತನಕ ಹೋಗಿ ಬಂದರೂ ನುಸುಳಿಕೊಳ್ಳಲು ಒಂದು ಸಂದಿ ಸಿಗಲಿಲ್ಲ. ಕಾರ್ಮಿಕರ ಸಂಘವೊಂದರ ಪುಟದಲ್ಲಿ ಮಕ್ಕಳಿಗೂ ತಿಳಿಯುವ ಮರಾಠಿಯಲ್ಲಿ ಬರೆದಿತ್ತು: ಪಂಚನಾದವನು ಗಾಯಗಳನ್ನೂ ಸುತ್ತ ಬಿದ್ದ ವಸ್ತುಗಳನ್ನೂ ತಾನೇ ನೋಡಬೇಕು, ನೋಡದ್ದಕ್ಕೆ ಸಹಿ ಹಾಕಬಾರದು, ಸತ್ತವನು ತನ್ನ ಪರವಾಗಿ ಮಾತಾಡಲಾರ. ಅದರ ಕೆಳಗೇ ಹುಲಿಗೆಪ್ಪನ ಸಾವಿನ ಮರುವಿಚಾರಣೆಯ ಪ್ರಕಟಣೆಯೂ ಇತ್ತು. ಮಾಹಿತಿ ಇದ್ದವರು ಸೋಮವಾರ ಹಾಜರಾಗಬೇಕು.

"ನಿಮಗ್ಯಾಕ ಬೇಕ್ರಿ ಈ ಉಸಾಬರಿ?" ಎಂದರು ಹೆಂಡತಿ ಅಂಬಾಬಾಯಿ. "ಸುಳ್ಳು ಸಾಕ್ಷಿ ಅಂತ ನಿಮ್ಮನ್ನ ಒಳಗ ಹಾಕಿದ್ರ?"

"ಹಾಕ್ಲಿ," ಎಂದರು ರಾಯರು. ಹಾಗೆ ಅಂದರೇ ಹೊರತು ಎರಡು ದಿನ ಊಟ ಸೇರಲಿಲ್ಲ.

ಸೋಮವಾರ ಪ್ರಾಂತ ಕಚೇರಿಯಲ್ಲಿ ಕಲ್ಲವ್ವ ಬೆಂಚಿನ ತುದಿಗೆ ಕೂತಿದ್ದಳು. ಅಧಿಕಾರಿಣಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಾಯರು ಎದುರು ನಿಂತು, ಬೆಲ್ಟ್ ನೋಡಿಲ್ಲ, ಹೆಣವನ್ನೂ ನೋಡಿಲ್ಲ, ಗೋಡೆ ನೋಡುತ್ತ ನಿಂತಿದ್ದೆ ಎಂದು ಮರಾಠಿಯಲ್ಲಿ ಹೇಳಿದರು. ಹೇಳಿಕೆಯನ್ನು ಬರೆದುಕೊಂಡರು. ಸುಳ್ಳಿಗೆ ಸಹಿ ಹಾಕಿದ್ದಕ್ಕೆ ನಿಮ್ಮ ಮೇಲೂ ಕ್ರಮ ಆಗಬಹುದು ಎಂದು ಅಧಿಕಾರಿಣಿ ಎಚ್ಚರಿಸಿದರು. ರಾಯರು ತಲೆ ಆಡಿಸಿದರು. ಎದೆಯ ಭಾರ ಇಳಿಯಿತೆಂದುಕೊಂಡು ಹೊರಡಲು ತಿರುಗಿದರು.

"ಥಾಂಬಾ," ಎಂದು ಅಧಿಕಾರಿಣಿ ತಡೆದರು. ಸತ್ತವನ ಹೆಂಡತಿಗೆ ಮರಾಠಿ ಅಷ್ಟಕ್ಕಷ್ಟೆ, ಈ ಹೇಳಿಕೆ ಅವಳಿಗೆ ತಿಳಿಯಬೇಕು, ಇಲ್ಲಿ ಕನ್ನಡ ಬರುವವರು ಯಾರಿದ್ದಾರೆ?

ಯಾರಿದ್ದಾರೆ! ರಾಯರು ಬೆಂಚಿನ ಹತ್ತಿರ ಹೋದರು. ಮರಾಠಿಯಲ್ಲಿ ಸಲೀಸಾಗಿ ಬಂದ ಮಾತಿಗೆ ಮನೆಯ ಭಾಷೆಯಲ್ಲಿ ನಾಲಿಗೆ ಏಳಲೊಲ್ಲದು. 

"ಕಲ್ಲವ್ವ, ಆ ಎರಡನೇ ಪಂಚ ನಾನಽ. ಅವತ್ತು ಮಡಿಯೊಳಗಿದ್ದೆ. ಮಾರಿ ತಿರುವಿ ನಿಂತಿದ್ದೆ. ನಾ ಏನೂ ನೋಡಿಲ್ಲ."

ಬಯ್ಯುತ್ತಾಳೆ ಎಂದುಕೊಂಡಿದ್ದರು. ಬಯ್ದಿದ್ದರೆ ಎಷ್ಟೋ ಮೇಲಿತ್ತು. ಕಲ್ಲವ್ವ ಅವರನ್ನೇ ನೋಡಿದಳು.

"ಇನ್ನೊಬ್ರು ಯಾರ್ರಿ?"

"ಕಂತ್ರಾಟದಾರನ ಮನಷ್ಯಾ ಅವ. ಅವನೂ ನನ್ನ ಬಾಜೂಕನ ನಿಂತಿದ್ದ, ಹೇಳಿಕೊಟ್ಟಿದ್ದಕ್ಕ ಸಹಿ ಹಾಕ್ಯಾನ."

"ಹಂಗಾರ," ಎಂದಳು ಕಲ್ಲವ್ವ, "ನನ್ನ ಗಂಡನ್ನ ಯಾರೂ ನೋಡೇ ಇಲ್ಲೇನ್ರಿ?"