ಪಥ್ಯ ಮುರಿದವರು

ನಲ್ಲೂರಿನ ಸಿದ್ದಲಿಂಗಮ್ಮ ಕಾಮಾಲೆಗೆ ಮದ್ದು ಕೊಡುತ್ತಿದ್ದಳು. ಭಾನುವಾರ ಬೆಳಗ್ಗೆ ಹಸಿದ ಹೊಟ್ಟೆಯಲ್ಲಿ ಬಂದವರಿಗೆ ಸೊಪ್ಪಿನ ರಸ ಕುಡಿಸಿ, ಇಪ್ಪತ್ತೊಂದು ದಿನ ಉಪ್ಪು, ಖಾರ, ಎಣ್ಣೆ ಮುಟ್ಟಕೂಡದೆಂದು ಪಥ್ಯ ಹೇಳಿ, ನಾಲ್ಕು ಬೈದು ಕಳಿಸುತ್ತಿದ್ದಳು. ವಾಸಿಯಾದವರು ತೆಂಗಿನಕಾಯಿ, ಬಾಳೆಹಣ್ಣು ಹಿಡಿದು ಮತ್ತೆ ಬರುತ್ತಿದ್ದರು. ವಾಸಿಯಾಗದವರು ಎಲ್ಲಿಂದ ಬಂದಾರು? ಅವರ ಸುದ್ದಿ ಕಿವಿಗೆ ಬಿದ್ದರೆ ಅವಳದು ಒಂದೇ ತೀರ್ಪು: ಪಥ್ಯ ಮುರಿದಿದ್ದಾರೆ. ನಲವತ್ತು ವರ್ಷ ಆ ತೀರ್ಪಿಗೆ ಯಾರೂ ಎದುರಾಡಿರಲಿಲ್ಲ.

ಎದುರಾಡಿದವಳು ಸೊಸೆ ಮೇಘಶ್ರೀ. ಚನ್ನಗಿರಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಸೂಜಿ ಚುಚ್ಚುವ ಸೊಸೆಗೂ ಸೊಪ್ಪು ಅರೆಯುವ ಅತ್ತೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ನಡುವೆ ಮಗ ರೇಣುಕಪ್ರಸಾದ್ ಅಡಕತ್ತರಿಗೆ ಸಿಕ್ಕಿದ ಅಡಿಕೆ. ಅವನನ್ನು ಕೇಳುವವರೇ ಇರಲಿಲ್ಲ.

ಹೀಗಿರುವಾಗ ಸಿದ್ದಲಿಂಗಮ್ಮನ ಕಣ್ಣೇ ಹಳದಿಯಾಯಿತು. ಬಲಪಕ್ಕೆಯಲ್ಲಿ ಹಿಂಡುವ ನೋವು, ಮೈತುಂಬ ಕೆರೆತ, ಡಿಕಾಕ್ಷನ್ ಬಣ್ಣದ ಮೂತ್ರ, ಸುಣ್ಣದ ಬಣ್ಣದ ಮಲ. ಹೀಗೆ ಕೆರೆದುಕೊಳ್ಳುತ್ತ ಬಂದವರಲ್ಲಿ ಕಾಯಿ ಹಿಡಿದು ತಿರುಗಿ ಬಂದವರು ಅವಳ ನೆನಪಿನಲ್ಲಿ ಒಬ್ಬರೂ ಇರಲಿಲ್ಲ. ಅದು ಅವಳಿಗೆ ಬಹಳ ಹಿಂದೆಯೇ ಗೊತ್ತಿತ್ತು. ತನಗೆ ತಾನೇ ಹೇಳಿಕೊಂಡಿರಲಿಲ್ಲ, ಅಷ್ಟೆ.

ಮದ್ದು ಕೊಡುವವರು ತಮ್ಮ ಕೈಯಿಂದ ತಾವೇ ಕುಡಿದರೆ ಹತ್ತುವುದಿಲ್ಲ, ಮನೆಯ ಇನ್ನೊಬ್ಬ ಹೆಣ್ಣುಮಗಳು ಅರೆದು ಕುಡಿಸಬೇಕು ಎನ್ನುವುದು ಆ ಮನೆಯ ಕಟ್ಟಳೆ. ಆ ಮನೆಯಲ್ಲಿದ್ದ ಇನ್ನೊಬ್ಬ ಹೆಣ್ಣೆಂದರೆ ಮೇಘಶ್ರೀ. ಬೇಡುವುದು ಸಿದ್ದಲಿಂಗಮ್ಮನ ಜಾಯಮಾನದಲ್ಲೇ ಇಲ್ಲ. ಸೊಪ್ಪಿನ ಕಟ್ಟನ್ನು ಸೊಸೆಯ ಮುಂದೆ ಬಿಸಾಕಿ, ಅರೆ ಅಂದಳು.

"ಅರೆಯಾಕೆ ನನಗೇನು ಕೈ ನೋಯಲ್ಲ ಅತ್ತೆ. ಮೊದಲು ರಕ್ತ ಕೊಡ್ರಿ, ಹೊಟ್ಟೆ ಸ್ಕ್ಯಾನ್ ಮಾಡಿಸ್ರಿ. ಆಮೇಲೆ ಒಂದು ಕೊಡ ಬೇಕಂದ್ರೂ ಅರೆದು ಕೊಡ್ತೀನಿ."

"ನಾನು ಸಾಯ್ಲಿ ಅಂತ ಕಾಯ್ತಿದೀಯ ನೀನು."

"ಹಂಗೆ ಕಾಯ್ತಿದ್ದಿದ್ರೆ ಇವತ್ತೇ ಅರೆದು ಕುಡಿಸ್ತಿದ್ದೆ," ಅಂದಳು ಮೇಘಶ್ರೀ.

ಮೂರು ದಿನ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. ಸೊಪ್ಪು ಹಿತ್ತಲಲ್ಲಿ ಬಾಡಿತು. ನಾಲ್ಕನೆಯ ದಿನ ಚಳಿಜ್ವರ ಬಂದು ಮುದುಕಿ ಗಡಗಡ ನಡುಗತೊಡಗಿದಾಗ ಮಗನಿಗೆ ಅಂತೂ ಧೈರ್ಯ ಬಂತು, ಎತ್ತಿ ಕಾರಿನಲ್ಲಿ ಕೂರಿಸಿದ. ಚನ್ನಗಿರಿಯಲ್ಲಿ ರಕ್ತ ನೋಡಿದರೆ ಒಂದರ ಆಸುಪಾಸು ಇರಬೇಕಾದ ಬಿಲಿರುಬಿನ್ ಹದಿನಾಲ್ಕು. ಸ್ಕ್ಯಾನಿನಲ್ಲಿ ಪಿತ್ತಕೋಶದ ತುಂಬ ಕಲ್ಲು. ಒಂದು ಕಲ್ಲು ಜಾರಿ ಪಿತ್ತದ ನಾಳಕ್ಕೆ ಬಿರಡೆಯಾಗಿ ಕೂತಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ಹೊಟ್ಟೆಯ ತಜ್ಞರು ಬಾಯಿಂದ ಕ್ಯಾಮೆರಾದ ಕೊಳವೆ ಇಳಿಸಿ ಆ ಕಲ್ಲನ್ನು ಎಳೆದು ತೆಗೆದರು. ಪಿತ್ತಕೋಶವನ್ನು ಆಮೇಲೆ ಸರ್ಜನ್ ತೆಗೆಯುತ್ತಾರೆ ಎಂದರು.

ಸೊಸೆ ಔಷಧಿ ತರಲು ಹೋದ ಹೊತ್ತು ನೋಡಿ ಸಿದ್ದಲಿಂಗಮ್ಮ ಡಾಕ್ಟರನ್ನು ಕೇಳಿದಳು, ಸೊಪ್ಪಿನ ಮದ್ದು ಕುಡಿದಿದ್ದರೆ ಏನಾಗುತ್ತಿತ್ತು ಎಂದು. ಎದುರಿಗೆ ಮಲಗಿದವಳು ಯಾರೆಂದು ಅವರಿಗೇನು ಗೊತ್ತು? ಲಿವರ್ ಊದಿ ಬರುವ ಕಾಮಾಲೆ ಬಹಳ ಮಂದಿಗೆ ವಿಶ್ರಾಂತಿಯಲ್ಲೇ ಇಳಿಯುತ್ತದೆ, ಹೆಸರು ಮಾತ್ರ ಸೊಪ್ಪಿಗೆ ಬರುತ್ತದೆ ಎಂದರು. ನಾಳ ಕಟ್ಟಿಕೊಂಡಿದ್ದರೆ ಯಾವ ಸೊಪ್ಪೂ ಬಿಡಿಸುವುದಿಲ್ಲ, ಇನ್ನೆರಡು ದಿನ ತಡವಾಗಿದ್ದರೆ ನಂಜು ರಕ್ತಕ್ಕೇರುತ್ತಿತ್ತು ಎಂದೂ ಹೇಳಿದರು. ಮತ್ತೆ ಪಥ್ಯ? ಉಪ್ಪಿಗೂ ಈ ಕಲ್ಲಿಗೂ ಏನೂ ಸಂಬಂಧವಿಲ್ಲ ಅಜ್ಜಿ, ಎಂದು ನಕ್ಕು ಪಕ್ಕದ ಮಂಚಕ್ಕೆ ಹೋದರು. ಸಿದ್ದಲಿಂಗಮ್ಮ ಗೋಡೆಗೆ ಮುಖ ಮಾಡಿ ಮಲಗಿದಳು. ಸಿಟ್ಟು ನೆತ್ತಿಗೇರಿತ್ತು. ಮೊಮ್ಮಗನ ವಯಸ್ಸಿನ ಡಾಕ್ಟರ ಮೇಲೆ ಸಿಟ್ಟು. ಸೊಸೆಯ ಮಾತೇ ಸರಿಯಾಯಿತಲ್ಲ ಎಂದು ಅದಕ್ಕಿಂತ ಹೆಚ್ಚು ಸಿಟ್ಟು.

ಊರಿಗೆ ಬಂದಾಗ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಸಿದ್ದಲಿಂಗಮ್ಮನನ್ನು ಅವಳ ಮದ್ದೇ ಎಬ್ಬಿಸಿತಂತೆ ಎಂದು ಜನ ಆಡಿಕೊಂಡರು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮೇಘಶ್ರೀ ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಹೋಗಿಬರುತ್ತಿದ್ದಳು.

ಮುಂದಿನ ಭಾನುವಾರ ಜಗಳೂರು ಕಡೆಯಿಂದ ದುರುಗಕ್ಕ ಎಂಬ ಹೆಂಗಸು ತನ್ನ ತಮ್ಮ ಬೋರಣ್ಣನನ್ನು ಕರೆತಂದಳು. ಅವನ ಮುಂಗೈ ಕೆರೆದು ಕೆರೆದು ರಕ್ತವಾಗಿತ್ತು. ರಸದ ಬಟ್ಟಲು ಹಿಡಿದಿದ್ದ ಸಿದ್ದಲಿಂಗಮ್ಮ ಮಲದ ಬಣ್ಣ ಕೇಳಿದಳು. ಬೆಳ್ಳಗೆ ಎಂದ. ಬಾಗಿಲಲ್ಲಿ ಮೇಘಶ್ರೀ ನಿಂತಿದ್ದಳು. ಅತ್ತೆಯ ಕೈಯನ್ನೇ ನೋಡುತ್ತಿದ್ದಳು. ಆ ನೋಟ ತಾಳಲಾರದೆಯೋ, ಬೋರಣ್ಣನ ಮುಂಗೈ ನೋಡಲಾರದೆಯೋ, ಸಿದ್ದಲಿಂಗಮ್ಮ ಬಟ್ಟಲು ಕೆಳಗಿಟ್ಟಳು. ಇವನಿಗೆ ನನ್ನ ಮದ್ದು ಆಗುವುದಿಲ್ಲ, ಇವತ್ತೇ ದಾವಣಗೆರೆಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸು ಎಂದು ಗದರಿದಳು.

ದುರುಗಕ್ಕ ಕೈ ಮುಗಿದಳು. "ಈ ಸಲ ಉಪ್ಪು ಮುಟ್ಟಿಸಲ್ಲ ಅಮ್ಮಾರೇ. ಪಥ್ಯ ನಾನೇ ಕಾಯ್ತೀನಿ."

"ಉಪ್ಪಿಗೂ ಇದಕ್ಕೂ ಸಂಬಂಧ ಇಲ್ಲ ಕಣೇ, ಹೋಗು ಅತ್ಲಾಗೆ."

ಆಡಿದ ಮೇಲೆ ಅವಳಿಗೆ ದುರುಗಕ್ಕನ ಗುರುತು ಹತ್ತಿತು. ಆರು ವರ್ಷದ ಹಿಂದೆ ಗಂಡನನ್ನು ಕರೆತಂದಿದ್ದವಳು. ಅವನೂ ಹೀಗೆಯೇ ಕೆರೆದುಕೊಳ್ಳುತ್ತಿದ್ದ. ಸಪ್ಪೆ ನುಂಗಲಾರೆ ಎಂದು ಅವನು ಅಂಗಲಾಚಿದ್ದಕ್ಕೆ ಒಂದು ದಿನ ಸಾರಿಗೆ ಚಿಟಿಕೆ ಉಪ್ಪು ಹಾಕಿದ್ದಳು. ಅವನು ಸತ್ತ ಮೇಲೆ ವಿಚಾರಿಸಲು ಬಂದ ಅವಳ ಅತ್ತೆಮನೆಯವರಿಗೆ ಸಿದ್ದಲಿಂಗಮ್ಮ ತನ್ನ ತೀರ್ಪು ಕೊಟ್ಟಿದ್ದಳು. ಗಂಡನಿಗೆ ಉಪ್ಪಿಕ್ಕಿ ಕೊಂದವಳೆಂದು ಅವರು ದುರುಗಕ್ಕನನ್ನು ಹೊರಗೆ ಹಾಕಿದ್ದರು.

"ಹಂಗಾದ್ರೆ ನಾನು ಹಾಕಿದ ಉಪ್ಪು?" ಎಂದು ಕೇಳಿದಳು ದುರುಗಕ್ಕ.

ಸಿದ್ದಲಿಂಗಮ್ಮ ಸೊಸೆಯ ಕಡೆ ನೋಡಿದಳು; ಅವಳು ನೆಲ ನೋಡುತ್ತಿದ್ದಳು.

ದುರುಗಕ್ಕ ತಮ್ಮನ ಕೈ ಹಿಡಿದು ಎಬ್ಬಿಸಿದಳು. "ಆರು ವರ್ಷ ಆತು," ಅಂದಳು, "ನಾನೂ ಉಪ್ಪು ತಿಂದಿಲ್ಲ ಅಮ್ಮಾರೇ."

ಇಬ್ಬರೂ ಬಸ್ಸಿಗೆ ನಡೆದರು.